ಒಂದೇ ಪಂಪಿನ ಮಾದರಿ, ಐದು ಫೈಲ್‌ಗಳಲ್ಲಿ ಐದು ರೀತಿ: ಮೂರು ಆಯಾಮದ ಫಾರ್ಮ್ಯಾಟ್‌ಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಯಂತ್ರಶಾಸ್ತ್ರದ ಪಾಠಗಳಿಗೆ ಚಿತ್ರಗಳನ್ನೂ ಮಾದರಿಗಳನ್ನೂ ಸಿದ್ಧಪಡಿಸುತ್ತೇನೆ. ಕಾಗದದ ಮೇಲೆ ಯಂತ್ರವನ್ನು ಸೀಳಿ ತೋರಿಸುವ ಚಿತ್ರ ಬರೆಯುವುದು ನನಗೆ ರೂಢಿಯಾಗಿದೆ, ಆದರೆ ಕಂಪ್ಯೂಟರಿನ ಮೂರು ಆಯಾಮದ ಮಾದರಿಗಳು ತೀರಾ ಹೊಸವು. ಈಗ ಒಂದು ಸೆಂಟ್ರಿಫ್ಯೂಗಲ್ ಪಂಪಿನ ಮಾದರಿಯನ್ನು, ಅದನ್ನು ರೂಪಿಸಿದ ಗೆಳೆಯರೊಬ್ಬರು ಒಂದು ಫೋಲ್ಡರಿನಲ್ಲಿ ಹಾಕಿ ಕಳುಹಿಸಿದ್ದಾರೆ. ಅದರಲ್ಲಿ ಐದು ಮುಖ್ಯ ಫೈಲ್‌ಗಳಿವೆ, ಐದೂ ಅದೇ ಪಂಪಿಗೆ ಸೇರಿದವು ಎಂದು ಅವರು ಹೇಳುತ್ತಾರೆ. ನನ್ನ ಪರದೆಯ ಮೇಲೆ ಮಾತ್ರ ಅವು ಐದು ಬೇರೆ ಬೇರೆ ವಸ್ತುಗಳಂತೆ ವರ್ತಿಸುತ್ತಿವೆ.

ಸ್ಟೆಪ್ ಫೈಲನ್ನು ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ತೆರೆಯಲು ಹೋದರೆ ಇಂಪೋರ್ಟ್ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಒಬಿಜೆ ತೆರೆಯುತ್ತದೆ, ಆದರೆ ಪಂಪು ಪೂರ್ತಿ ಬೂದು ಬಣ್ಣದಲ್ಲಿದೆ. ಗೆಳೆಯರು ಕಳುಹಿಸಿದ ಚಿತ್ರದಲ್ಲಿ ಅದರ ಕವಚ ನೀಲಿ, ಒಳಗೆ ತಿರುಗುವ ಅಲಗುಗಳ ಚಕ್ರವಾದ ಇಂಪೆಲ್ಲರ್ ಹಿತ್ತಾಳೆ ಬಣ್ಣ, ಪಕ್ಕದಲ್ಲಿ ಅಕ್ಷರಗಳಿರುವ ಒಂದು ಫಲಕವೂ ಇದೆ. ಎಫ್‌ಬಿಎಕ್ಸ್ ಫೈಲಿನಲ್ಲಿ ಬಣ್ಣಗಳೆಲ್ಲ ಸರಿಯಾಗಿವೆ, ಆದರೆ ಪಂಪು ಒಂದು ತಂತ್ರಾಂಶದಲ್ಲಿ ಅಂಗಾತ ಮಲಗಿದೆ, ಇನ್ನೊಂದರಲ್ಲಿ ನೂರು ಪಟ್ಟು ದೊಡ್ಡದಾಗಿದೆ. ಎಸ್‌ಟಿಎಲ್ ಫೈಲಿನಲ್ಲಿ ಇಂಪೆಲ್ಲರ್ ಒಂದೇ ಇದೆ. ಅದರ ವ್ಯಾಸ 120 ಮಿಲಿಮೀಟರ್ ಇರಬೇಕು, ಆದರೆ ಮೂರು ಆಯಾಮದ ಮುದ್ರಣಕ್ಕೆ ಸಿದ್ಧಪಡಿಸುವ ಸ್ಲೈಸರ್ ತಂತ್ರಾಂಶ 4.72 ಮಿಲಿಮೀಟರ್ ಎಂದು ತೋರಿಸುತ್ತಿದೆ. ಆ ಫೈಲಿನ ಗಾತ್ರ 12,50,084 ಬೈಟ್. ಐದನೆಯ ಫೈಲಿಗೆ ಹೆಸರಿನ ಕೊನೆಯ ಭಾಗವೇ ಬಿಟ್ಟುಹೋಗಿದೆ. ಅದನ್ನು ಸಾದಾ ಪಠ್ಯ ಸಂಪಾದಕದಲ್ಲಿ ತೆರೆದಾಗ ಮೊದಲಿಗೆ ಪಿ ಮತ್ತು ಕೆ ಎಂಬ ಎರಡು ದೊಡ್ಡಕ್ಷರಗಳು ಕಂಡವು, ನಂತರ ಬಂದದ್ದೆಲ್ಲ ಓದಲಾಗದ ಚಿಹ್ನೆಗಳು.

ನನಗೆ ಬೇಕಾಗಿರುವುದು ಎರಡು. ವಿದ್ಯಾರ್ಥಿಗಳು ಮೊಬೈಲಿನ ಬ್ರೌಸರಿನಲ್ಲಿ ಪಂಪನ್ನು ತಿರುಗಿಸಿ ನೋಡುವಂತಾಗಬೇಕು. ಇಂಪೆಲ್ಲರನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ಅವರ ಕೈಗೆ ಕೊಡುವಂತಾಗಬೇಕು. ಯಾವ ಗುಂಡಿ ಒತ್ತಬೇಕು ಎಂಬುದಕ್ಕಿಂತ ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಸಿಕೊಟ್ಟರೆ ಹೆಚ್ಚು ಉಪಕಾರವಾಗುತ್ತದೆ.

ಮೊದಲ ಉತ್ತರ

ನಮಸ್ಕಾರ. ನಿಮ್ಮ ಫೋಲ್ಡರಿನಲ್ಲಿ ಒಂದೇ ಪಂಪಿನ ಐದು ಪ್ರತಿಗಳಿವೆ ಎಂದು ಭಾವಿಸಿದರೆ ಗೊಂದಲ ಮುಗಿಯುವುದಿಲ್ಲ. ಅಲ್ಲಿರುವುದು ಆ ಪಂಪಿನ ಬಗ್ಗೆ ಬರೆದಿಟ್ಟ ಐದು ಬಗೆಯ ವಿವರಣೆಗಳು. ಪ್ರತಿಯೊಂದು ಫಾರ್ಮ್ಯಾಟೂ ಕೆಲವು ವಿಷಯಗಳನ್ನು ಬರೆದಿಡುತ್ತದೆ, ಉಳಿದವನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದನ್ನು ತೆರೆಯುವ ತಂತ್ರಾಂಶ ತನ್ನದೇ ಊಹೆಯಿಂದ ತುಂಬಿಕೊಳ್ಳುತ್ತದೆ, ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಆ ಊಹೆಗಳಿಂದಲೇ.

ಎಸ್‌ಟಿಎಲ್ ಇದಕ್ಕೆ ಅತಿ ಸರಳವಾದ ಉದಾಹರಣೆ. 1987ರ ಸುಮಾರಿಗೆ ತ್ರೀಡಿ ಸಿಸ್ಟಮ್ಸ್ ಕಂಪನಿಯ ಸ್ಟೀರಿಯೊಲಿಥೋಗ್ರಫಿ (ಮೂರು ಆಯಾಮದ ಮುದ್ರಣದ ಒಂದು ವಿಧಾನ) ಯಂತ್ರಗಳಿಗಾಗಿ ರೂಪುಗೊಂಡ ಈ ಫಾರ್ಮ್ಯಾಟಿಗೆ ತ್ರಿಭುಜಗಳನ್ನು ಬಿಟ್ಟರೆ ಬೇರೇನೂ ತಿಳಿಯದು. ಅದರ ಬೈನರಿ ರೂಪದಲ್ಲಿ ಮೊದಲ 80 ಬೈಟ್ ತಲೆಬರಹ, ಮುಂದಿನ 4 ಬೈಟ್ ತ್ರಿಭುಜಗಳ ಎಣಿಕೆ, ಆಮೇಲೆ ಒಂದೊಂದು ತ್ರಿಭುಜಕ್ಕೂ 50 ಬೈಟ್. ನಿಮ್ಮ ಫೈಲಿನ ಗಾತ್ರದಿಂದ 84 ಕಳೆದು 50ರಿಂದ ಭಾಗಿಸಿ ನೋಡಿ, ಸರಿಯಾಗಿ 25,000 ಬರುತ್ತದೆ. ಅಂದರೆ ನಿಮ್ಮ ಇಂಪೆಲ್ಲರಿನಲ್ಲಿ 25,000 ತ್ರಿಭುಜಗಳಿವೆ ಎಂದೂ, ಫೈಲು ಅರ್ಧಕ್ಕೆ ತುಂಡಾಗದೆ ಪೂರ್ತಿ ಬಂದಿದೆ ಎಂದೂ ಅದನ್ನು ತೆರೆಯದೆಯೇ ಹೇಳಬಹುದು. (ಪಠ್ಯ ರೂಪದ ಎಸ್‌ಟಿಎಲ್ ‘ಸಾಲಿಡ್’ ಎಂಬ ಪದದಿಂದ ಆರಂಭವಾಗುತ್ತದೆ. ಕೆಲವು ಬೈನರಿ ಫೈಲ್‌ಗಳ ತಲೆಬರಹವೂ ಅದೇ ಪದದಿಂದ ಆರಂಭವಾಗುವುದರಿಂದ, ಎರಡರಲ್ಲಿ ಯಾವುದು ಎಂಬುದನ್ನು ತಿಳಿಯಲು ಮೇಲಿನ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ.)

ಈ ಫಾರ್ಮ್ಯಾಟಿನಲ್ಲಿ ಅಳತೆಯ ಮಾನಕ್ಕೆ ಜಾಗವೇ ಇಲ್ಲ. ಒಂದು ಶೃಂಗದ (ತ್ರಿಭುಜದ ಮೂಲೆಯ) ನಿರ್ದೇಶಾಂಕ 60 ಎಂದಿದ್ದರೆ ಅದು 60 ಮಿಲಿಮೀಟರೋ 60 ಅಂಗುಲವೋ ಎಂದು ಫೈಲು ಹೇಳುವುದಿಲ್ಲ. ಸ್ಲೈಸರ್‌ಗಳು ಸಾಮಾನ್ಯವಾಗಿ ಮಿಲಿಮೀಟರ್ ಎಂದೇ ಭಾವಿಸುತ್ತವೆ. 120 ಮಿಲಿಮೀಟರನ್ನು 25.4ರಿಂದ ಭಾಗಿಸಿದರೆ 4.72 ಬರುತ್ತದೆ, ನಿಮ್ಮ ಗೆಳೆಯರು ಅಂಗುಲದ ಲೆಕ್ಕದಲ್ಲಿ ಹೊರತೆಗೆದ ಫೈಲನ್ನು ನಿಮ್ಮ ಸ್ಲೈಸರ್ ಮಿಲಿಮೀಟರ್ ಎಂದು ಓದಿದೆ. ಮಾದರಿಯನ್ನು 2540 ಶೇಕಡಾಕ್ಕೆ ಹಿಗ್ಗಿಸಿದರೆ ಅಳತೆ ಸರಿಹೋಗುತ್ತದೆ.

ಸ್ಟೆಪ್ ಇದಕ್ಕೆ ಸಂಪೂರ್ಣ ಬೇರೆಯ ಜಾತಿ. ಅದರ ಅಧಿಕೃತ ಹೆಸರು ಐಎಸ್‌ಒ 10303, ಫೈಲಿನ ಮೊದಲ ಸಾಲಿನಲ್ಲಿಯೇ ಆ ಸಂಖ್ಯೆ ಬರೆದಿರುತ್ತದೆ. ಅದರಲ್ಲಿ ತ್ರಿಭುಜಗಳ ಬದಲು ಆಕಾರದ ಗಣಿತವೇ ಇರುತ್ತದೆ: ಇಲ್ಲೊಂದು ಸಿಲಿಂಡರ್, ಅದರ ತ್ರಿಜ್ಯ ಇಷ್ಟು, ಅದನ್ನು ಈ ಸಮತಲ ಈ ಅಂಚಿನಲ್ಲಿ ಕತ್ತರಿಸುತ್ತದೆ ಎಂಬ ರೀತಿಯ ವಿವರ. ಬ್ಲೆಂಡರ್ ಮುಖ್ಯವಾಗಿ ಚಪ್ಪಟೆ ಮುಖಗಳ ಜಾಲರಿಯೊಡನೆ ಕೆಲಸ ಮಾಡುವ ತಂತ್ರಾಂಶವಾದ್ದರಿಂದ ಸ್ಟೆಪ್ ಓದುವ ವ್ಯವಸ್ಥೆ ಅದರೊಳಗೆ ಬಂದಿಲ್ಲ. ಉಚಿತವೂ ಮುಕ್ತವೂ ಆದ ಫ್ರೀಕ್ಯಾಡ್ ಅದನ್ನು ನೇರವಾಗಿ ತೆರೆಯುತ್ತದೆ. ನಿಮ್ಮ ಬಳಿ ಸ್ಟೆಪ್ ಇಲ್ಲದಿದ್ದರೂ ಎಸ್‌ಟಿಎಲ್ ಫೈಲನ್ನು ಫ್ರೀಕ್ಯಾಡಿನಲ್ಲಿ ಸ್ಟೆಪ್ ಆಗಿ ಬದಲಾಯಿಸಿಕೊಳ್ಳಬಹುದು.

ಎರಡನೆಯ ಉತ್ತರ

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ, ಆದರೆ ಅದರ ಕೊನೆಯ ವಾಕ್ಯವನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ಅದು ಅನೇಕರ ಶ್ರಮವನ್ನು ವ್ಯರ್ಥ ಮಾಡಿದ ತಿಳಿವಳಿಕೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಸ್‌ಟಿಎಲ್ ಫೈಲನ್ನು ಸ್ಟೆಪ್ ಎಂದು ಉಳಿಸಬಹುದು ಎಂಬುದು ನಿಜ. ಆದರೆ ಹಾಗೆ ಉಳಿಸಿದ ಫೈಲಿನಲ್ಲಿ 25,000 ತ್ರಿಭುಜಗಳು 25,000 ಪ್ರತ್ಯೇಕ ಸಮತಲಗಳಾಗಿ ಕುಳಿತಿರುತ್ತವೆಯೇ ಹೊರತು, ಕಳೆದುಹೋದ ಸಿಲಿಂಡರು ಮರಳಿ ಬಂದಿರುವುದಿಲ್ಲ. ಇದನ್ನು ಒಂದು ವೃತ್ತದಲ್ಲಿ ನೋಡೋಣ. 60 ಮಿಲಿಮೀಟರ್ ತ್ರಿಜ್ಯದ ವೃತ್ತವನ್ನು 36 ಸರಳ ರೇಖೆಗಳಿಂದ ಬರೆದರೆ, ಪ್ರತಿ ರೇಖೆಯ ನಡುಮಧ್ಯವು ನಿಜವಾದ ವೃತ್ತದಿಂದ ಸುಮಾರು 0.23 ಮಿಲಿಮೀಟರ್ ಒಳಗೆ ಬೀಳುತ್ತದೆ. ರೇಖೆಗಳನ್ನು 72ಕ್ಕೆ ಏರಿಸಿದರೆ ಆ ಅಂತರ 0.06 ಮಿಲಿಮೀಟರಿಗೆ ಇಳಿಯುತ್ತದೆ. ಭುಜಗಳನ್ನು ಇಮ್ಮಡಿ ಮಾಡಿದಾಗ ತಪ್ಪು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಎಂದಿಗೂ ಸೊನ್ನೆಯಾಗುವುದಿಲ್ಲ. ಸ್ಟೆಪ್ ಫೈಲಿನಿಂದ ತ್ರಿಭುಜಗಳಿಗೆ ಹೋಗುವಾಗ ಎಷ್ಟು ತಪ್ಪನ್ನು ಒಪ್ಪುತ್ತೀರಿ ಎಂದು ತಂತ್ರಾಂಶ ಕೇಳುವುದು ಇದೇ ಕಾರಣಕ್ಕೆ. ತ್ರಿಭುಜಗಳಿಂದ ಹಿಂದಕ್ಕೆ ಹೋಗುವಾಗ, ಇದು 72 ಭುಜಗಳ ಆಕೃತಿಯೋ ವೃತ್ತವೋ ಎಂದು ಹೇಳುವ ಮಾಹಿತಿಯೇ ಫೈಲಿನಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಸ್ಟೆಪ್ ನಿಮ್ಮ ಮೂಲ ಎಂದು ತಿಳಿಯಿರಿ, ಅದನ್ನು ಜೋಪಾನವಾಗಿಟ್ಟುಕೊಳ್ಳಿ. ಇಂಪೆಲ್ಲರನ್ನೂ ಸ್ಲೈಸರಿನಲ್ಲಿ ಹಿಗ್ಗಿಸುವುದಕ್ಕಿಂತ ಸ್ಟೆಪ್ ಫೈಲಿನಿಂದ ಹೊಸದಾಗಿ ತೆಗೆದುಕೊಳ್ಳುವುದು ಉತ್ತಮ, ಏಕೆಂದರೆ ಸ್ಟೆಪ್ ತನ್ನ ಅಳತೆಯ ಮಾನವನ್ನು ಫೈಲಿನೊಳಗೇ ಬರೆದುಕೊಂಡಿರುತ್ತದೆ.

ಇನ್ನು ಒಬಿಜೆ ಏಕೆ ಬೂದಾಗಿದೆ ಎಂಬುದು. ವೇವ್‌ಫ್ರಂಟ್ ಕಂಪನಿಯಿಂದ ಬಂದ ಈ ಹಳೆಯ ಫಾರ್ಮ್ಯಾಟನ್ನು ಪಠ್ಯ ಸಂಪಾದಕದಲ್ಲಿ ತೆರೆದು ಓದುವುದೇ ಅದನ್ನು ಕಲಿಯುವ ಅತ್ಯುತ್ತಮ ದಾರಿ ಎಂದು ನನ್ನ ಅನುಭವ. ‘ವಿ’ ಎಂಬ ಅಕ್ಷರದಿಂದ ಆರಂಭವಾಗುವ ಪ್ರತಿ ಸಾಲಿನಲ್ಲಿ ಮೂರು ಸಂಖ್ಯೆಗಳಿರುತ್ತವೆ, ಅದು ಒಂದು ಶೃಂಗ. ‘ಎಫ್’ನಿಂದ ಆರಂಭವಾಗುವ ಸಾಲು ಒಂದು ಮುಖ; ಅದು ಎಷ್ಟನೆಯ ಶೃಂಗಗಳನ್ನು ಸೇರಿಸಬೇಕು ಎಂದು ಹೇಳುತ್ತದೆ, ಎಣಿಕೆ 1ರಿಂದ ಆರಂಭ. ಒಂದು ಸಾದಾ ಘನಕ್ಕೆ ಇಲ್ಲಿ ಎಂಟು ಶೃಂಗಗಳು ಸಾಕು. ಅದೇ ಘನ ಎಸ್‌ಟಿಎಲ್‌ನಲ್ಲಿ 12 ತ್ರಿಭುಜಗಳಾಗಿ, ಒಂದೊಂದಕ್ಕೆ ಮೂರರಂತೆ 36 ಶೃಂಗಗಳನ್ನು ಬರೆಯುತ್ತದೆ, ಏಕೆಂದರೆ ಅಲ್ಲಿ ಅಕ್ಕಪಕ್ಕದ ತ್ರಿಭುಜಗಳು ಒಂದೇ ಶೃಂಗವನ್ನು ಹಂಚಿಕೊಳ್ಳುವ ವ್ಯವಸ್ಥೆ ಇಲ್ಲ.

ಬಣ್ಣಗಳು ಮಾತ್ರ ಒಬಿಜೆಯೊಳಗೆ ಇರುವುದಿಲ್ಲ. ಅದರ ಆರಂಭದಲ್ಲಿ ‘ಎಂಟಿಎಲ್‌ಲಿಬ್’ ಎಂಬ ಪದವಿರುವ ಸಾಲನ್ನು ಹುಡುಕಿ. ಅದರ ಮುಂದೆ ಎಂಟಿಎಲ್ ಎಂಬ ಜೊತೆ ಫೈಲಿನ ಹೆಸರು ಇರುತ್ತದೆ, ಕವಚ ನೀಲಿ ಎಂಬಂಥ ವಿವರ ಇರುವುದು ಆ ಎಂಟಿಎಲ್‌ನಲ್ಲಿ. ಫಲಕದ ಮೇಲಿನ ಅಕ್ಷರಗಳು ಚಿತ್ರರೂಪದಲ್ಲಿದ್ದರೆ ಅವು ಮೂರನೆಯ ಫೈಲಿನಲ್ಲಿರುತ್ತವೆ, ಅದರ ಹೆಸರನ್ನು ಎಂಟಿಎಲ್ ಹೇಳುತ್ತದೆ. ಈ ಸರಪಳಿಯಲ್ಲಿ ಒಂದು ಹೆಸರು ತಪ್ಪಿದರೂ ಮುಂದಿನದು ಸಿಗುವುದಿಲ್ಲ. ಜೊತೆ ಫೈಲು ಬಂದಿದೆಯೇ, ಬಂದಿದ್ದರೆ ಯಾರಾದರೂ ಅದರ ಹೆಸರು ಬದಲಾಯಿಸಿದ್ದಾರೆಯೇ ಎಂಬುದನ್ನು ಮೊದಲು ನೋಡಿ. ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವನ್ನೂ ಗಮನಿಸಿ. ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಅವು ಬೇರೆ ಬೇರೆ ಹೆಸರುಗಳೇ.

ಎಫ್‌ಬಿಎಕ್ಸ್ ಮಲಗಿರುವುದಕ್ಕೆ ಕಾರಣ ಅಕ್ಷಗಳ ಒಪ್ಪಂದ. ಮೇಲ್ಮುಖ ದಿಕ್ಕನ್ನು ಮಾಯಾ ತಂತ್ರಾಂಶ ವೈ ಅಕ್ಷ ಎಂದು ಕರೆಯುತ್ತದೆ, ಬ್ಲೆಂಡರ್ ಮತ್ತು ತ್ರೀಡಿಎಸ್ ಮ್ಯಾಕ್ಸ್ ಝಡ್ ಅಕ್ಷ ಎಂದು ಕರೆಯುತ್ತವೆ. ಒಂದರ ಮಾತನ್ನು ಇನ್ನೊಂದು ತನ್ನ ಅರ್ಥದಲ್ಲಿ ಓದಿದಾಗ ಮಾದರಿ ಎಕ್ಸ್ ಅಕ್ಷದ ಸುತ್ತ ಸರಿಯಾಗಿ 90 ಡಿಗ್ರಿ ಉರುಳುತ್ತದೆ. ನೂರು ಪಟ್ಟು ಹಿಗ್ಗುವುದೂ ಇಂಥದ್ದೇ: ಎಫ್‌ಬಿಎಕ್ಸ್ ಪ್ರಪಂಚದಲ್ಲಿ ಸೆಂಟಿಮೀಟರ್ ರೂಢಿ, ಅದನ್ನು ಮೀಟರ್ ಎಂದು ಓದಿದರೆ 30 ಸೆಂಟಿಮೀಟರಿನ ಪಂಪು 30 ಮೀಟರಿನ ಕಟ್ಟಡವಾಗುತ್ತದೆ. ಅಕ್ಷ ಮತ್ತು ಮಾನ ಎರಡನ್ನೂ ಈ ಫೈಲು ಬರೆದುಕೊಂಡಿರುತ್ತದೆ, ಆದರೆ ಓದುವ ತಂತ್ರಾಂಶಗಳೆಲ್ಲ ಅದಕ್ಕೆ ಒಂದೇ ರೀತಿ ಬೆಲೆ ಕೊಡುವುದಿಲ್ಲ. ಕೆನಡಾದ ಕೇಡಾರಾ ಕಂಪನಿಯ ಫಿಲ್ಮ್‌ಬಾಕ್ಸ್ ತಂತ್ರಾಂಶಕ್ಕಾಗಿ ಹುಟ್ಟಿದ ಈ ಫಾರ್ಮ್ಯಾಟು 2006ರಲ್ಲಿ ಆಟೋಡೆಸ್ಕ್ ಕೈಗೆ ಬಂತು. ಬೈನರಿ ಫೈಲುಗಳ ಮೊದಲ ಕೆಲವು ಅಕ್ಷರಗಳಲ್ಲಿ ಇಂದಿಗೂ ಕೇಡಾರಾ ಹೆಸರೇ ಇರುತ್ತದೆ. ಚಲನೆ, ಪಾತ್ರಗಳನ್ನು ಆಡಿಸುವ ಮೂಳೆಕಟ್ಟು, ಕ್ಯಾಮೆರಾ ಎಲ್ಲವನ್ನೂ ಅದು ಹೊತ್ತೊಯ್ಯಬಲ್ಲದು. ಆದರೆ ಅದರ ಒಳರಚನೆಯ ಸಂಪೂರ್ಣ ವಿವರಣೆಯನ್ನು ಮಾಲೀಕರು ಮುಕ್ತವಾಗಿ ಪ್ರಕಟಿಸಿಲ್ಲ. ದೀರ್ಘಕಾಲ ಉಳಿಯಬೇಕಾದ ಪಾಠದ ಸಾಮಗ್ರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಮೂರನೆಯ ಉತ್ತರ

ಐದನೆಯ ಫೈಲಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಪಿ ಮತ್ತು ಕೆ ಎಂಬುವು ಜಿಪ್ ಫಾರ್ಮ್ಯಾಟನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಯಾವ ಫೈಲಿನ ಆರಂಭದಲ್ಲಿ ಅವು ಕಂಡರೂ ಅದು ಜಿಪ್ ಗಂಟು ಎಂದು ಊಹಿಸಬಹುದು. ಫೈಲಿನ ಒಂದು ಪ್ರತಿ ಮಾಡಿಕೊಂಡು, ಅದರ ಹೆಸರಿನ ಕೊನೆಗೆ ‘ಡಾಟ್ ಜಿಪ್’ ಸೇರಿಸಿ ಬಿಚ್ಚಿ ನೋಡಿ. ಒಳಗೆ ‘ತ್ರೀಡಿ’ ಎಂಬ ಫೋಲ್ಡರೂ ಅದರಲ್ಲಿ ‘ಮಾಡೆಲ್’ ಎಂದು ಕೊನೆಗೊಳ್ಳುವ ಫೈಲೂ ಇದ್ದರೆ ಅದು ತ್ರೀಎಂಎಫ್. ಯುಎಸ್‌ಡಿಝಡ್ ಎಂಬ ಇನ್ನೊಂದು ಮೂರು ಆಯಾಮದ ಫಾರ್ಮ್ಯಾಟ್ ಕೂಡ ಜಿಪ್ ಗಂಟೇ, ಆದರೆ ಅದರೊಳಗೆ ಯುಎಸ್‌ಡಿ ಬಗೆಯ ದೃಶ್ಯದ ಫೈಲೂ ಚಿತ್ರಗಳೂ ಇರುತ್ತವೆ.

ತ್ರೀಎಂಎಫ್ ಎಂದಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 2015ರಲ್ಲಿ ಬಂದ ಈ ಫಾರ್ಮ್ಯಾಟು ಎಸ್‌ಟಿಎಲ್ ಕೊರತೆಗಳನ್ನು ನೀಗಿಸಲೆಂದೇ ರೂಪುಗೊಂಡದ್ದು. ಒಳಗಿನ ಮಾಡೆಲ್ ಫೈಲು ಓದಬಹುದಾದ ಎಕ್ಸ್‌ಎಂಎಲ್ ಪಠ್ಯ, ಅದರ ಮೊದಲ ಭಾಗದಲ್ಲಿಯೇ ‘ಯೂನಿಟ್’ ಎಂದು ಅಳತೆಯ ಮಾನ ಬರೆದಿರುತ್ತದೆ. ಬರೆಯದೆ ಬಿಟ್ಟರೆ ಮಿಲಿಮೀಟರ್ ಎಂದು ನಿಯಮವೇ ಇದೆ. ಮುದ್ರಣಕ್ಕೆ ಇನ್ನು ಮುಂದೆ ಎಸ್‌ಟಿಎಲ್ ಬದಲು ಇದನ್ನೇ ಕೇಳಿ ಪಡೆಯಿರಿ ಎಂದು ನನ್ನ ಸಲಹೆ.

ಮೊಬೈಲಿನ ಬ್ರೌಸರಿಗೆ ಬೇಕಾದದ್ದು ನಿಮ್ಮ ಫೋಲ್ಡರಿನಲ್ಲಿ ಇಲ್ಲವೇ ಇಲ್ಲ. ಅದು ಜಿಎಲ್‌ಟಿಎಫ್ ಎಂಬ ಫಾರ್ಮ್ಯಾಟು. ಗ್ರಾಫಿಕ್ಸ್ ಮಾನದಂಡಗಳನ್ನು ರೂಪಿಸುವ ಕ್ರೋನೋಸ್ ಗ್ರೂಪ್ ಅದರ ಎರಡನೆಯ ಆವೃತ್ತಿಯನ್ನು 2017ರಲ್ಲಿ ಹೊರತಂದಿತು, 2022ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯಿತು. ಮೇಲೆ ಬಂದ ತಕರಾರುಗಳಿಗೆಲ್ಲ ಅದು ನಿಯಮದಲ್ಲಿಯೇ ಉತ್ತರ ಹೇಳುತ್ತದೆ: ಉದ್ದದ ಮಾನ ಮೀಟರ್, ಮೇಲ್ಮುಖ ಅಕ್ಷ ವೈ. ಅದಕ್ಕೆ ಎರಡು ರೂಪಗಳಿವೆ. ಒಂದರಲ್ಲಿ ವಿವರಣೆಯ ಫೈಲು, ಅಂಕಿಗಳ ಬಿನ್ ಫೈಲು, ಚಿತ್ರಗಳು ಬಿಡಿಬಿಡಿಯಾಗಿರುತ್ತವೆ. ಜಿಎಲ್‌ಬಿ ಎಂಬ ಇನ್ನೊಂದರಲ್ಲಿ ಎಲ್ಲವೂ ಒಂದೇ ಫೈಲಿನೊಳಗೆ ಸೇರಬಹುದು. ಹಂಚುವುದಕ್ಕೆ ಜಿಎಲ್‌ಬಿಯನ್ನೇ ಆರಿಸಿಕೊಳ್ಳಿ, ಒಬಿಜೆಯಲ್ಲಿ ಆದಂತೆ ಜೊತೆ ಫೈಲು ಕಳೆಯುವ ಭಯವಿರುವುದಿಲ್ಲ.

ಒಂದು ಎಚ್ಚರಿಕೆ. ಜಿಎಲ್‌ಬಿ ಸಣ್ಣದಾಗಿದ್ದರೂ ಕೆಲವು ಮೊಬೈಲುಗಳು ಅದನ್ನು ತೆರೆಯಲು ತಿಣುಕುತ್ತವೆ. ಇದಕ್ಕೆ ಹೆಚ್ಚಾಗಿ ತ್ರಿಭುಜಗಳಿಗಿಂತ ಮೇಲ್ಮೈಗೆ ಹೊದಿಸುವ ಟೆಕ್ಸ್‌ಚರ್ ಚಿತ್ರಗಳೇ ಕಾರಣ. 4096 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಜೆಪೆಗ್ ಚಿತ್ರ ಡಿಸ್ಕಿನಲ್ಲಿ ಎರಡು ಮೂರು ಮೆಗಾಬೈಟ್ ಇರಬಹುದು, ಆದರೆ ಪರದೆಗೆ ತರುವಾಗ ಅದನ್ನು ಬಿಚ್ಚಿ ಪಿಕ್ಸೆಲ್ಲಿಗೆ 4 ಬೈಟ್‌ನಂತೆ ಗ್ರಾಫಿಕ್ಸ್ ಸ್ಮೃತಿಯಲ್ಲಿ ಇಡಬೇಕಾಗುತ್ತದೆ, ಅದು 64 ಮೆಗಾಬೈಟ್. ಅದೇ ಚಿತ್ರವನ್ನು 1024ಕ್ಕೆ ಇಳಿಸಿದರೆ 4 ಮೆಗಾಬೈಟ್ ಸಾಕು. ನಿಮ್ಮ ಫಲಕದ ಅಕ್ಷರಗಳು 1024ರಲ್ಲಿ ಸ್ಪಷ್ಟವಾಗಿಯೇ ಓದಿಸಿಕೊಳ್ಳುತ್ತವೆ.

ಪರಿಚಯವಿಲ್ಲದ ಆನ್‌ಲೈನ್ ಪರಿವರ್ತಕಗಳಿಗೆ ಗೆಳೆಯರ ಸ್ಟೆಪ್ ಫೈಲನ್ನು ಏರಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಅದು ಯಂತ್ರವನ್ನು ಯಥಾವತ್ತಾಗಿ ತಯಾರಿಸಲು ಸಾಕಾಗುವಷ್ಟು ನಿಖರವಾದ ದಾಖಲೆ, ಅದು ಅವರ ದುಡಿಮೆ. ಫ್ರೀಕ್ಯಾಡ್, ಬ್ಲೆಂಡರ್, ಮೆಶ್‌ಲ್ಯಾಬ್ ಮೂರೂ ನಿಮ್ಮ ಕಂಪ್ಯೂಟರಿನಲ್ಲಿಯೇ ಕೆಲಸ ಮುಗಿಸುತ್ತವೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ದಿನ ಕುಳಿತು ಒಂದೊಂದನ್ನೇ ಮಾಡಿ ನೋಡಿದೆ.

ಸ್ಟೆಪ್ ಫೈಲನ್ನು ಫ್ರೀಕ್ಯಾಡಿನಲ್ಲಿ ತೆರೆದಾಗ ಎಡಬದಿಯ ಪಟ್ಟಿಯಲ್ಲಿ ಕವಚ, ಶಾಫ್ಟ್, ಇಂಪೆಲ್ಲರ್, ಬೇರಿಂಗ್ ಎಂದು ಬಿಡಿಭಾಗಗಳ ಹೆಸರುಗಳು ಒಂದರ ಕೆಳಗೊಂದು ಬಂದವು. ಇಷ್ಟು ದಿನ ನಾನು ಕಾಗದದಲ್ಲಿ ಸೀಳಿ ತೋರಿಸುತ್ತಿದ್ದುದನ್ನು ಇಲ್ಲಿ ಕವಚವನ್ನು ಮರೆಮಾಡಿಯೇ ತೋರಿಸಬಹುದು ಎಂದು ತಿಳಿದು ಬಹಳ ಸಂತೋಷವಾಯಿತು. ಇಂಪೆಲ್ಲರನ್ನು 0.05 ಮಿಲಿಮೀಟರ್ ವಿಚಲನೆಯ ಮಿತಿಯಿಟ್ಟು ತ್ರೀಎಂಎಫ್ ಆಗಿ ತೆಗೆದೆ, ಸ್ಲೈಸರಿನಲ್ಲಿ ವ್ಯಾಸ 120 ಮಿಲಿಮೀಟರ್ ಎಂದೇ ಬಂತು. ಐದನೆಯ ಫೈಲೂ ತ್ರೀಎಂಎಫ್ ಆಗಿತ್ತು, ಅದರಲ್ಲಿ ಇದೇ ಇಂಪೆಲ್ಲರ್ ಇತ್ತು.

ಒಬಿಜೆಯ ಮೂರನೆಯ ಸಾಲಿನಲ್ಲಿ ಜೊತೆ ಫೈಲಿನ ಹಳೆಯ ಹೆಸರು ಇತ್ತು. ಕಳುಹಿಸುವ ಮುನ್ನ ಗೆಳೆಯರು ಎಂಟಿಎಲ್‌ನ ಹೆಸರಿಗೆ ‘ಹೊಸ’ ಎಂದು ಸೇರಿಸಿದ್ದರಂತೆ. ಆ ಒಂದು ಪದವನ್ನು ತಿದ್ದಿದ ಕೂಡಲೇ ಕವಚ ನೀಲಿಯಾಯಿತು. ಆದರೆ ಫಲಕ ಗುಲಾಬಿ ಬಣ್ಣಕ್ಕೆ ತಿರುಗಿತು. ಎಂಟಿಎಲ್ ತೆರೆದು ನೋಡಿದರೆ ಫಲಕದ ಚಿತ್ರದ ವಿಳಾಸ ಅವರ ಕಂಪ್ಯೂಟರಿನ ಡಿ ಡ್ರೈವಿನೊಳಗಿತ್ತು, ಆ ಚಿತ್ರವನ್ನು ಅವರು ಕಳುಹಿಸಿಯೇ ಇರಲಿಲ್ಲ. ಈಗ ತರಿಸಿಕೊಂಡಿದ್ದೇನೆ.

ಬಣ್ಣ ಸರಿಯಿದ್ದ ಎಫ್‌ಬಿಎಕ್ಸ್‌ನಿಂದ ಬ್ಲೆಂಡರಿನಲ್ಲಿ ಜಿಎಲ್‌ಬಿ ತಯಾರಿಸಿದೆ. ಅದರಲ್ಲಿ ಒಂದೇ ತೊಂದರೆ ಉಳಿದಿದೆ. ಬ್ಲೆಂಡರಿನಲ್ಲಿ ಆರೂ ಅಲಗುಗಳು ಚೆನ್ನಾಗಿ ಕಾಣುತ್ತವೆ, ಆದರೆ ಮೊಬೈಲಿನಲ್ಲಿ ಪಂಪನ್ನು ತಿರುಗಿಸಿದಾಗ ಅಲಗುಗಳು ಒಂದು ಬದಿಯಿಂದ ಮಾಯವಾಗಿ ಇನ್ನೊಂದು ಬದಿಯಿಂದ ಮರಳಿ ಬರುತ್ತವೆ. ಇದೇಕೆ?

ಎರಡನೆಯ ಉತ್ತರ ಬರೆದವರಿಂದ

ಪ್ರತಿ ಮುಖಕ್ಕೂ ಎದುರು, ಬೆನ್ನು ಎಂಬ ಎರಡು ಬದಿಗಳಿವೆ. ಶೃಂಗಗಳನ್ನು ಬರೆದ ಕ್ರಮವೇ ಅದನ್ನು ನಿರ್ಧರಿಸುತ್ತದೆ. ಬಲಗೈಯ ಬೆರಳುಗಳನ್ನು ಶೃಂಗಗಳ ಕ್ರಮದಲ್ಲಿ ಮಡಚಿದರೆ ಹೆಬ್ಬೆರಳು ತೋರುವ ಕಡೆ ಎದುರು. ಆ ಕಡೆಯಿಂದ ನೋಡಿದವರಿಗೆ ಕ್ರಮ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಕಾಣುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಜಿಎಲ್‌ಟಿಎಫ್ ತೋರಿಸುವ ತಂತ್ರಾಂಶಗಳು ಬೆನ್ನಿನ ಬದಿಯನ್ನು ಬಿಡಿಸುವುದಿಲ್ಲ, ಬ್ಲೆಂಡರಿನ ಸಂಪಾದನಾ ಪರದೆ ಮಾತ್ರ ಎರಡನ್ನೂ ತೋರಿಸುತ್ತದೆ.

ಬ್ಲೆಂಡರಿನಲ್ಲಿ ‘ಫೇಸ್ ಓರಿಯೆಂಟೇಶನ್’ ಆಯ್ಕೆಯನ್ನು ಹಚ್ಚಿ ನೋಡಿ. ಎದುರು ನೀಲಿಯಾಗಿಯೂ ಬೆನ್ನು ಕೆಂಪಾಗಿಯೂ ಕಾಣುತ್ತದೆ. ಅಲಗಿಗೆ ದಪ್ಪವಿದ್ದು ಹೊರಮೈ ಕೆಂಪಾಗಿದ್ದರೆ, ಎಡಿಟ್ ಸ್ಥಿತಿಯಲ್ಲಿ ಎಲ್ಲವನ್ನೂ ಆರಿಸಿ ‘ರೀಕ್ಯಾಲ್ಕ್ಯುಲೇಟ್ ಔಟ್‌ಸೈಡ್’ ಕೊಟ್ಟರೆ ಸರಿಯಾಗುತ್ತದೆ. ಆದರೆ ನೀವು ಹೇಳುವ ಲಕ್ಷಣ ನೋಡಿದರೆ ಅಲಗು ದಪ್ಪವೇ ಇಲ್ಲದ ಒಂಟಿ ಹಾಳೆಯಾಗಿರುವಂತಿದೆ. ಹಾಳೆಗೆ ಒಂದು ಬದಿ ನೀಲಿಯಾದರೆ ಇನ್ನೊಂದು ಕೆಂಪಾಗಿಯೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಆಗ ಅಲಗಿನ ಮೆಟೀರಿಯಲ್‌ನಲ್ಲಿ ‘ಬ್ಯಾಕ್‌ಫೇಸ್ ಕಲ್ಲಿಂಗ್’ ಗುರುತನ್ನು ತೆಗೆದು ಜಿಎಲ್‌ಬಿಯನ್ನು ಮತ್ತೆ ಹೊರತೆಗೆಯಿರಿ. ಎರಡೂ ಬದಿ ತೋರಿಸಬೇಕೆಂಬ ಸೂಚನೆ ಫೈಲಿನೊಳಗೆ ಸೇರಿಕೊಳ್ಳುತ್ತದೆ. ನೋಡುವುದಕ್ಕೆ ಅಷ್ಟು ಸಾಕು. ಮುದ್ರಣಕ್ಕೆ ಮಾತ್ರ ಈ ಹಾಳೆ ಅಲಗುಗಳನ್ನು ಬಳಸಬೇಡಿ, ನೀವು ಸ್ಟೆಪ್‌ನಿಂದ ತೆಗೆದ ಇಂಪೆಲ್ಲರನ್ನೇ ಯಂತ್ರಕ್ಕೆ ಕೊಡಿ.